ರೂಮ್ ಖಾಲಿ ಇಲ್ಲದ ಊರುಗಳು

ಅವರು ತೀರಿಕೊಂಡ ದಿನ ಯಾವ ಊರಿನಲ್ಲೂ ಯಾವ ಹಬ್ಬವೂ ಇರಲಿಲ್ಲ. ಹಬ್ಬ ಹೋಗಲಿ, ಒಂದು ಫಲಪುಷ್ಪ ಪ್ರದರ್ಶನ ಕೂಡ ಇಲ್ಲದ ಒಣ ಬುಧವಾರ. ಸುದ್ದಿ ಕೇಳಿ ಎದುರು ಮನೆಗೆ ಓಡಿದ ನನಗೆ ಮೊದಲು ಹೊಳೆದದ್ದು ಅದೇ, ಅಳು ಬಂದದ್ದು ಆಮೇಲೆ. ಹಬ್ಬ ಇಲ್ಲದ ದಿನ ಪಕ್ಕದ ತುಮಕೂರಿಗೂ ಕಾಲಿಡದ ಮನುಷ್ಯ ಅಷ್ಟು ದೂರದ ಪ್ರಯಾಣಕ್ಕೆ ಇಂಥ ದಿನ ಹೇಗೆ ಒಪ್ಪಿಕೊಂಡರೋ ಎಂದು ನಮ್ಮ ಯಜಮಾನರು ಮೆಲ್ಲಗೆ ಹೇಳಿದರು. ಅದು ತೀರಿಕೊಂಡವರ ಹೆಂಡತಿಯ ಕಿವಿಗೂ ಬಿತ್ತು. ನಾನು ಅಕ್ಕ ಎಂದು ಕರೆಯುವ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ನಗುತ್ತಲೇ ಅತ್ತರು.

ಬೆಂಗಳೂರಿನ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಆಕೆಯ ಗಂಡನನ್ನು ಎಲ್ಲರೂ ಕರೆಯುತ್ತಿದ್ದದ್ದು ಬರೀ 'ಸಾರ್' ಎಂದು. ದಾವಣಗೆರೆ ಕಡೆಯವರು. ಯಾವುದೋ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿದ್ದರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಸದಾ ಒಂದು ಏರ್‌ಬ್ಯಾಗು. ತರಕಾರಿಗೆ ಹೋದರೂ ಆ ಬ್ಯಾಗು ಇರುತ್ತಿತ್ತು, ಹಾಗಾಗಿ ಅವರು ಹೊರಟಿರುವುದು ಕೊತ್ತಂಬರಿ ಸೊಪ್ಪಿಗೋ ಕೋಲ್ಕತ್ತಕ್ಕೋ ಎಂದು ನೋಡಿದವರಿಗೆ ತಿಳಿಯುತ್ತಿರಲಿಲ್ಲ.

ಊರು ನೋಡುವುದರ ಬಗ್ಗೆ ಅವರದು ಒಂದೇ ಸಿದ್ಧಾಂತ. "ಊರನ್ನ ನೋಡ್ಬೇಕಾದ್ರೆ ಅದಕ್ಕೆ ಮೈಮೇಲೆ ದೇವರು ಬಂದಾಗ ನೋಡ್ಬೇಕಮ್ಮ. ಮಿಕ್ಕ ದಿನ ಅದೂ ನಮ್ಮ ಥರಾನೇ ಹಲ್ಲುಜ್ಜಿ ಆಫೀಸಿಗೆ ಹೋಗ್ತಿರುತ್ತೆ. ಅದನ್ನೇನು ನೋಡೋದು?" ಒಮ್ಮೆ ನಾನು ಜೂನ್ ತಿಂಗಳಿನಲ್ಲಿ ಅತ್ತೆ ಮಾವನನ್ನು ಕರೆದುಕೊಂಡು ಮೈಸೂರಿಗೆ ಹೊರಟಿದ್ದೆ. ಗೇಟಿನ ಬಳಿ ಅವರು ನನ್ನನ್ನು ತಡೆದು ನಿಲ್ಲಿಸಿದರು.

"ಜೂನ್‌ನಲ್ಲಿ ಮೈಸೂರಾ? ಏನಿದೆ ಅಲ್ಲಿ?"

"ಅರಮನೆ ಇದೆಯಲ್ಲ ಸಾರ್."

"ಅರಮನೆ ಯಾವಾಗ್ಲೂ ಇರುತ್ತೆ. ಅದೇ ಅದರ ತೊಂದ್ರೆ."

ನಾವು ಹೋಗಿಬಂದೆವು. ಅತ್ತೆ ಅರಮನೆಯನ್ನು ನೆಮ್ಮದಿಯಾಗಿ ನೋಡಿದರು, ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಂಡರು, ಪಾಪ್‌ಕಾರ್ನ್ ತಿಂದರು. ಮರಳಿದ ಮೇಲೆ ಸಾರ್ ತಿಂಗಳುಗಟ್ಟಲೆ ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು.

ಯಾವ ಊರಿನಲ್ಲಿ ಯಾವಾಗ ಹಬ್ಬ ಎಂದು ಪತ್ತೆ ಹಚ್ಚಲು ಅವರಿಗೆ ಪ್ರವಾಸೋದ್ಯಮ ಇಲಾಖೆ ಬೇಕಿರಲಿಲ್ಲ, ಇಂಟರ್‌ನೆಟ್ ಮೇಲೆ ನಂಬಿಕೆ ಇರಲಿಲ್ಲ. ಅವರ ಬಳಿ ಇದ್ದದ್ದು ಎರಡು ಸಾಧನ, ಗೋಡೆಯ ಪಂಚಾಂಗದ ಕ್ಯಾಲೆಂಡರು ಮತ್ತು ಫೋನು. ಊರಿನ ಲಾಡ್ಜುಗಳಿಗೆ ಒಂದರ ಹಿಂದೆ ಒಂದು ಫೋನ್ ಮಾಡಿ, ಇಂಥ ದಿನಕ್ಕೆ ರೂಮ್ ಇದೆಯಾ ಎಂದು ಕೇಳುತ್ತಿದ್ದರು. "ಇದೆ ಸಾರ್, ಬನ್ನಿ" ಎಂದರೆ ಥಟ್ಟನೆ ಫೋನ್ ಇಡುತ್ತಿದ್ದರು. ರೂಮ್ ಇರುವ ಊರಿಗೆ ಯಾರು ಹೋಗುತ್ತಾರೆ? "ಇಲ್ಲ ಸಾರ್" ಎಂದರೆ ಸ್ವಲ್ಪ ಕುತೂಹಲ. ಮ್ಯಾನೇಜರ್ ಏನೂ ಹೇಳದೆ ಜೋರಾಗಿ ನಕ್ಕುಬಿಟ್ಟರೆ ಅವರ ಮುಖ ಬೆಳಗುತ್ತಿತ್ತು. ಅವತ್ತೇ ಸಂಜೆ ರೈಲ್ವೆ ಟಿಕೆಟ್ಟು.

ಈ ವಿಧಾನದಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. ಅದು ಅವರನ್ನು ಹಬ್ಬಕ್ಕೇ ಕರೆದೊಯ್ಯುತ್ತಿತ್ತು. ಒಂದೇ ಕುಂದು ಎಂದರೆ, ಹೋದ ಕಡೆ ಮಲಗಲು ಜಾಗ ಸಿಗುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅರ್ಧ ಇಂಡಿಯಾದ ವೇಟಿಂಗ್ ರೂಮುಗಳಲ್ಲಿ ಮಲಗಿ ಎದ್ದಿದ್ದಾರೆ. ಅಹಮದಾಬಾದಿನಲ್ಲಿ ಗಾಳಿಪಟದ ಹಬ್ಬ ನೋಡಿ ಅಕ್ಕನ ಕುತ್ತಿಗೆ ಹಿಡಿದುಕೊಂಡು, ಬಂದ ಮೇಲೆ ಹದಿನೈದು ದಿನ ಆಕೆ ನಮ್ಮೆಲ್ಲರ ತಲೆಯ ಮೇಲಿನ ತಾರಸಿಯನ್ನು ನೋಡುತ್ತಾ ಮಾತಾಡುತ್ತಿದ್ದರು. ಕೋಲ್ಕತ್ತದ ದುರ್ಗಾಪೂಜೆಯ ನೂಕುನುಗ್ಗಲಿನಲ್ಲಿ ಸಾರ್ ಎರಡೂ ಚಪ್ಪಲಿ ಕಳೆದುಕೊಂಡು ಹವಾಯಿ ಚಪ್ಪಲಿ ಹಾಕಿಕೊಂಡು ಬಂದಿಳಿದರು, ಅದನ್ನು ಪದಕದ ಹಾಗೆ ರಸ್ತೆಯಲ್ಲಿ ಎಲ್ಲರಿಗೂ ತೋರಿಸಿದರು. ಮಧುರೈನ ಚಿತ್ತಿರೈ ಉತ್ಸವದಿಂದ ಬಂದಾಗ ನಾನು ಅಕ್ಕನನ್ನು ಕೇಳಿದೆ:

"ಏನೇನು ನೋಡಿದ್ರಿ ಅಕ್ಕ?"

"ಬೆನ್ನು ನೋಡಿದೆ ನೋಡವ್ವ. ಭಾಳ ಬೆನ್ನು. ಒಳ್ಳೊಳ್ಳೆ ಬೆನ್ನು."

ಅಷ್ಟು ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದರು. ಬಡಿಯುತ್ತಾ ಹಾಡತೊಡಗಿದರು.

ಅಕ್ಕನ ಹಾಡಿನ ವಿಷಯ ಹೇಳಲೇಬೇಕು. ದಾವಣಗೆರೆಯಲ್ಲಿ ಹುಡುಗಿಯಾಗಿದ್ದಾಗ ಮಠದ ಸಂಜೆ ಕಾರ್ಯಕ್ರಮಗಳಲ್ಲಿ ಆಕೆ ವಚನ ಹಾಡುತ್ತಿದ್ದರಂತೆ. ಮದುವೆಯಾದ ಮೇಲೆ ಅದು ಅಡುಗೆಮನೆಗೆ ಬಂದು ನಿಂತಿತು. ಅವರ ಅಡುಗೆಮನೆಯ ಕಿಟಕಿ ರಸ್ತೆಗೆ ತೆರೆದಿದ್ದರಿಂದ ನಮಗೆಲ್ಲ ಬೆಳಗಿನ ಹೊತ್ತು ಪುಕ್ಕಟೆ ಸಂಗೀತ. ಸೊಪ್ಪು ಮಾರುವಾಕೆ ಆ ಕಿಟಕಿಯ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಕೊಳ್ಳುವವರಿಲ್ಲದಿದ್ದರೂ ಹೊರಡುತ್ತಿರಲಿಲ್ಲ. ನಮ್ಮ ರಸ್ತೆಯ ಗಣೇಶನ ಕಮಿಟಿಯವರು ಪ್ರತಿ ವರ್ಷ ಬಂದು, ಆರ್ಕೆಸ್ಟ್ರಾ ಶುರುವಾಗುವ ಮೊದಲು ಎರಡು ಹಾಡು ಹಾಡಿಕೊಡಿ ಎಂದು ಅಕ್ಕನನ್ನು ಕೇಳುತ್ತಿದ್ದರು. ಪ್ರತಿ ವರ್ಷ ಉತ್ತರ ಕೊಡುತ್ತಿದ್ದವರು ಸಾರ್. "ಆ ಟೈಮಿಗೆ ನಾವು ಊರಲ್ಲಿರಲ್ವಲ್ಲ."

ಇರುತ್ತಿರಲಿಲ್ಲ, ನಿಜ. ಗಣೇಶನ ಹಬ್ಬಕ್ಕೆ ಅವರು ಪುಣೆಗೋ ಮುಂಬೈಗೋ ಹೊರಟಿರುತ್ತಿದ್ದರು. ನಮ್ಮ ರಸ್ತೆಯ ಗಣೇಶನ ಬಗ್ಗೆ ಅವರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. "ಇದು ಹಬ್ಬ ಅಲ್ಲಮ್ಮ, ಟ್ರಾಫಿಕ್ ಜಾಮು. ಶಾಮಿಯಾನ ಹಾಕಿರೋ ಟ್ರಾಫಿಕ್ ಜಾಮು" ಎನ್ನುತ್ತಿದ್ದರು. ಬೇಸಿಗೆಯಲ್ಲಿ ಪಕ್ಕದ ರಸ್ತೆಯವರು ಅಣ್ಣಮ್ಮ ದೇವಿಯನ್ನು ಕೂರಿಸಿದರೆ ಹತ್ತಿ ಕಿವಿಗೆ ತುರುಕಿಕೊಂಡು ವರಾಂಡದಲ್ಲಿ ಕೂತು, ಪುಣೆಯಲ್ಲಿ ಡೋಲು ತಾಷೆಯ ಸದ್ದಿಗೆ ತಮ್ಮ ಎದೆ ಹೇಗೆ ನಡುಗಿತ್ತು ಎಂದು ಬಂದವರಿಗೆಲ್ಲ ವರ್ಣಿಸುತ್ತಿದ್ದರು. ಹತ್ತಿಯ ಕಾರಣ ನಾವು ಕೇಳಿದ ಮರುಪ್ರಶ್ನೆ ಯಾವುದೂ ಅವರಿಗೆ ಕೇಳಿಸುತ್ತಿರಲಿಲ್ಲ.

ಅಕ್ಕನಿಗೆ ಬೇಜಾರಿರಲಿಲ್ಲವೇ? ಇತ್ತು. ಒಂದು ಮಧ್ಯಾಹ್ನ ಮೆಣಸಿನಕಾಯಿ ಬಿಡಿಸುತ್ತಾ ನನ್ನ ಹತ್ತಿರ ಹೇಳಿಕೊಂಡಿದ್ದರು. "ಒಂದ್ಸಲ ಮೈಕ್ ಮುಂದೆ ನಿಂತು ಹಾಡ್ಬೇಕು ಅಂತ ಆಸೆ ಐತವ್ವ. ಅಡಿಗಿಮನ್ಯಾಗೆ ಹಾಡಿದ್ರೆ ನಡುವೆ ಕುಕ್ಕರ್ ಸೀಟಿ ಹೊಡೀತತಿ." ಇನ್ನೊಂದು ಮೆಣಸಿನಕಾಯಿ ಕೈಗೆತ್ತಿಕೊಂಡು ಮತ್ತೆ ಹೇಳಿದರು. "ಬ್ಯಾರೆಯವ್ರು ಕೇಳಿದ್ರೇನು, ಬಿಟ್ರೇನು. ಇವ್ರು ಒಂದ್ಸಲ ಕುಂತು ಕೇಳ್ಬೇಕಿತ್ತು. ಇಷ್ಟು ಊರಿಂದ ಇಷ್ಟು ಗದ್ದಲ ಕೇಳಿಕೊಂಡು ಬರ್ತಾರ, ನನ್ನ ಹಾಡು ಮಾತ್ರ ಇವ್ರ ಕಿವಿಗೆ ಹೋಗಿಲ್ಲ." ನನಗೆ ಸಾರ್ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಅವರು ಎದುರಾದಾಗ ನಮಸ್ಕಾರ ಕೂಡ ಹೇಳಲಿಲ್ಲ. ಅವರು ಗಮನಿಸಲಿಲ್ಲ. ಯಾವುದೋ ಲಾಡ್ಜಿನ ಮ್ಯಾನೇಜರ್ ಜೊತೆ ಫೋನಿನಲ್ಲಿದ್ದರು.

ಇಷ್ಟರಲ್ಲಿ ಗೋವಾ ಬಂತು.

ಗೋವಾದಲ್ಲಿ ಕಾರ್ನಿವಲ್ ಎಂದು ಒಂದು ಹಬ್ಬ ಇದೆ, ಕ್ರೈಸ್ತರ ಉಪವಾಸದ ದಿನಗಳು ಶುರುವಾಗುವ ಮುನ್ನ ನಡೆಯುವ ಮೆರವಣಿಗೆ, ಕುಣಿತ. ಹಿಂದಿನ ಎರಡು ವರ್ಷವೂ ಅದನ್ನು ಸಾರ್ ಟೀವಿಯಲ್ಲಿ ನೋಡಿದ್ದು ಶಿವರಾತ್ರಿಯ ಆಸುಪಾಸಿನಲ್ಲಿ. ಅಲ್ಲಿಗೆ ಅವರಿಗೆ ಗುಟ್ಟು ಸಿಕ್ಕಿಬಿಟ್ಟಿತು. "ಕಾರ್ನಿವಲ್ ಅಂದ್ರೆ ಅವರ ಶಿವರಾತ್ರಿ ಕಣಮ್ಮ. ಅದೇ ಅಮಾವಾಸ್ಯೆ ಲೆಕ್ಕ. ನಮ್ಮಲ್ಲಿ ಜಾಗರಣೆ, ಅವರಲ್ಲಿ ಕುಣಿತ. ಎರಡರಲ್ಲೂ ಮಲಗೋ ಹಾಗಿಲ್ಲ." ಈ ಸಂಶೋಧನೆಯಿಂದ ಅವರಿಗಾದ ಸಂಭ್ರಮ ನೋಡಿ ಇಡೀ ರಸ್ತೆಯೇ ಟೆಂಪೋ ಟ್ರಾವೆಲರ್ ಹತ್ತಲು ಸಿದ್ಧವಾಯಿತು. ನಾನೂ ನಮ್ಮ ಯಜಮಾನರೂ ಸೇರಿಕೊಂಡೆವು. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಎಲ್ಲವನ್ನೂ ಎರಡು ಸಲ ನೋಡುವ ಚಾಳಿ. "ಯಾವುದಕ್ಕೂ ಒಂದ್ಸಲ ನೆಟ್‌ನಲ್ಲಿ ನೋಡಿಬಿಡೋಣ ಸಾರ್" ಎಂದೆ.

"ನೆಟ್‌ನಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಹಾಕ್ತಾರೆ. ಚಂದ್ರ ಹಂಗಲ್ಲ" ಎಂದರು. ಆದರೂ ನನ್ನ ಸಮಾಧಾನಕ್ಕೆಂದು ನನ್ನೆದುರೇ ಗೋವಾದ ಲಾಡ್ಜುಗಳಿಗೆ ಫೋನ್ ಹಚ್ಚಿದರು. ಮೊದಲನೆಯವನು ಇಲ್ಲ ಎಂದ. ಎರಡನೆಯವನೂ ಇಲ್ಲ ಎಂದ. ಮೂರನೆಯವನು ನಕ್ಕ. ಸಾರ್ ಫೋನನ್ನು ಸ್ಪೀಕರಿಗೆ ಹಾಕಿ ಆ ನಗುವನ್ನು ನಮ್ಮೆಲ್ಲರಿಗೂ ಕೇಳಿಸಿದರು. ಇನ್ನು ಮಾತಿಲ್ಲ.

ಶಿವರಾತ್ರಿಯ ದಿನ ಬೆಳಗ್ಗೆ ಗೋವಾ ಮುಟ್ಟಿದೆವು. ರಸ್ತೆಯಲ್ಲಿ ಒಂದು ಬಣ್ಣದ ಕಾಗದವೂ ಇರಲಿಲ್ಲ. ಸಾರ್ ಫೋನ್ ಮಾಡಿದ್ದ ಒಂದು ಲಾಡ್ಜಿಗೆ ಹೋದೆವು, ಅದರ ಮ್ಯಾನೇಜರ್ ಕಾರವಾರ ಕಡೆಯವರು, ಕನ್ನಡ ಬರುತ್ತಿತ್ತು. ಮೆರವಣಿಗೆ ಎಷ್ಟು ಗಂಟೆಗೆ ಎಂದು ಸಾರ್ ಕೇಳಿದರು.

"ಯಾವ ಮೆರವಣಿಗೆ?"

"ಕಾರ್ನಿವಲ್ದು."

"ಅದು ಹೋದ ತಿಂಗಳೇ ಮುಗೀತಲ್ಲ!"

ಸಾರ್ ನಮ್ಮ ಕಡೆ ತಿರುಗಿ ನೋಡಲಿಲ್ಲ. "ಮತ್ತೆ ರೂಮೆಲ್ಲ ಫುಲ್ ಅಂದ್ರಲ್ರೀ?"

"ಫುಲ್ಲೇ. ಎಲ್ಲಾ ಬೆಂಗಳೂರಿನವರು. ಶಿವರಾತ್ರಿ ಶುಕ್ರವಾರ ಬಂದಿದೆಯಲ್ಲ, ಶನಿವಾರ ಭಾನುವಾರ ಸೇರಿಸಿಕೊಂಡು ಎಲ್ರೂ ಇಲ್ಲೇ ಬಂದಿದಾರೆ."

ಕಡಲತೀರಕ್ಕೆ ಹೋಗಿ ನೋಡಿದರೆ ಮಾತು ನಿಜ. ಪಾರ್ಕಿಂಗಿನಲ್ಲಿ ಸಾಲಾಗಿ ನಮ್ಮ ಕಡೆಯದೇ ಕೆಎ 02 ನಂಬರಿನ ಕಾರುಗಳು. ನಂದಿನಿ ಲೇಔಟಿನವರು ಇಸ್ಪೀಟ್ ಆಡುತ್ತಿದ್ದರು. ಕುರುಬರಹಳ್ಳಿಯ ಒಂದು ಸಂಸಾರ ಮರಳಿನ ಮೇಲೆ ಚಾಪೆ ಹಾಸಿಕೊಂಡು ಚಿತ್ರಾನ್ನದ ಡಬ್ಬಿ ಬಿಚ್ಚಿತ್ತು. ನಮ್ಮ ಬ್ಯಾಂಕಿನ ಗ್ರಾಹಕರೊಬ್ಬರು ಚಡ್ಡಿಯಲ್ಲಿ ಎದುರಾಗಿ, "ಮೇಡಂ, ಸೋಮವಾರ ಕೌಂಟರಲ್ಲಿ ಇರ್ತೀರಲ್ಲ?" ಎಂದು ಕೇಳಿದರು. ಸಾರ್ ಪತ್ತೆ ಹಚ್ಚಿದ್ದ ಹಬ್ಬ ನಾವೇ ಆಗಿದ್ದೆವು. ಹಿಂದಿನ ವರ್ಷ ನಮ್ಮ ಪಂಚಾಂಗಕ್ಕೆ ಅಧಿಕ ಮಾಸ ಬಂದು ನಮ್ಮ ಶಿವರಾತ್ರಿ ಒಂದು ತಿಂಗಳು ಮುಂದಕ್ಕೆ ಸರಿದಿತ್ತು, ಅವರ ಕಾರ್ನಿವಲ್ ಇದ್ದಲ್ಲೇ ಇತ್ತು. ಇದನ್ನು ನನಗೆ ವಿವರಿಸಿ ಹೇಳಿದ್ದು ನಮ್ಮ ಬ್ಯಾಂಕಿನ ಕ್ಯಾಷಿಯರ್ ಮೇರಿ, ಅದೂ ಬೆಂಗಳೂರಿಗೆ ವಾಪಸಾದ ಮೇಲೆ.

ಸಾರ್ ಸೋಲು ಒಪ್ಪುವವರಲ್ಲ. ಆ ಮ್ಯಾನೇಜರನಿಗೆ ಏನೂ ಗೊತ್ತಿಲ್ಲ, ತಾವೇ ಪಣಜಿಗೆ ಹೋಗಿ ವಿಚಾರಿಸಿಕೊಂಡು ಬರುತ್ತೇನೆ ಎಂದು ಏರ್‌ಬ್ಯಾಗು ಏರಿಸಿಕೊಂಡು ಬಸ್ ಹತ್ತಿದರು. ರೂಮ್ ಸಿಗದೆ ಅಕ್ಕ ಲಾಡ್ಜಿನ ಊಟದ ಹಾಲ್‌ನ ಮೂಲೆಯಲ್ಲೇ ಕೂತು ಲಿಂಗಪೂಜೆ ಮುಗಿಸಿದರು, ಸಂಜೆ ಉಪವಾಸದಲ್ಲೇ ನಮ್ಮ ಜೊತೆ ಕಡಲ ಹತ್ತಿರ ಬಂದರು. ಮಾಡಲು ಬೇರೇನೂ ಕೆಲಸವಿರಲಿಲ್ಲ. ಒಂದು ಹಾಡು ಹೇಳಿ ಅಕ್ಕ ಎಂದೆ. ಬೇಡ ಬೇಡ ಎನ್ನುತ್ತಲೇ ಶುರು ಮಾಡಿದರು.

ಮೊದಲು ಚಿತ್ರಾನ್ನದವರು ಇತ್ತ ತಿರುಗಿದರು. ಆಮೇಲೆ ಇಸ್ಪೀಟಿನವರು ಎಲೆ ಕೆಳಗಿಟ್ಟರು. ಒಂದು ವಚನ ಮುಗಿಯುವುದರೊಳಗೆ ಪಶ್ಚಿಮ ಬೆಂಗಳೂರಿನ ಒಂದು ವಾರ್ಡಿನಷ್ಟು ಜನ ಸುತ್ತ ಕೂತಿದ್ದರು. ಮರಳಿನ ಮೇಲೆ, ಗಾಳಿಗೆ ಎದುರಾಗಿ, ಕುಕ್ಕರಿನ ಹಂಗಿಲ್ಲದೆ ಆಕೆ ಹಾಡಿದರು. ಇಷ್ಟು ವರ್ಷ ಕಿಟಕಿಯಿಂದ ಕೇಳಿದ್ದು ಬರೀ ಅರ್ಧ ದನಿ ಎಂದು ಆಗ ಗೊತ್ತಾಯಿತು. ಆ ಗುಂಪಿನಲ್ಲಿ ನಮ್ಮ ರಸ್ತೆಯ ಮೊಬೈಲ್ ಅಂಗಡಿಯವನೂ ಇದ್ದ. ನಮ್ಮ ಗಣೇಶನ ಕಮಿಟಿಗೆ ಅವನೇ ಕಾರ್ಯದರ್ಶಿ. "ಅಕ್ಕ, ಮೈಕಿಲ್ದೆ ಹಿಂಗೆ ಕೇಳಿಸ್ತಿದೆ, ಮೈಕ್ ಕೊಟ್ರೆ ಏನ್ ಗತಿ! ಈ ಸಲ ನೀವು ಹಾಡ್ಲೇಬೇಕು, ಸಾರ್ ಏನಾದ್ರೂ ಹೇಳ್ಕೊಳ್ಳಿ" ಎಂದ.

ಕತ್ತಲಾಗುವ ಮುಂಚೆ ಸಾರ್ ಬಂದರು. ಕೈಯಲ್ಲಿ ಮಣ್ಣು ಮೆತ್ತಿದ, ಹರಿದ ಒಂದು ಕಾಗದದ ಕಿರೀಟವಿತ್ತು. ಪಣಜಿಯ ಚರಂಡಿ ಪಕ್ಕದಲ್ಲಿ ಸಿಕ್ಕಿತಂತೆ. "ನೋಡಿ, ನಡೆದಿರೋದು ನಿಜ" ಎಂದು ಅದನ್ನು ನಮ್ಮೆದುರು ಹಿಡಿದರು. ಕೂತವರೆಲ್ಲ ಅಕ್ಕನ ಹಾಡಿನ ಮಾತೇ ಆಡುತ್ತಿದ್ದರು. "ಓಹೋ, ಹಾಡಿದ್ಲಾ?" ಎಂದು ಕೇಳಿ, ಕಿರೀಟದ ಮಣ್ಣು ಕೊಡವತೊಡಗಿದರು. ಅಕ್ಕ ಅವರ ಮುಖವನ್ನು ಒಂದು ಗಳಿಗೆ ನೋಡಿ, ಎದ್ದು ನೀರಿನ ಕಡೆ ನಡೆದುಬಿಟ್ಟರು.

ಗೋವಾ ಆದ ಮೇಲೆ ರಸ್ತೆಯಲ್ಲಿ ಸಾರ್ ಮಾತು ನಡೆಯಲಿಲ್ಲ. ಎದುರಿಗೆ ಯಾರೂ ನಗುತ್ತಿರಲಿಲ್ಲ, ಆದರೆ ರಜೆ ಹಾಕಬೇಕಾದವರು ಮೊದಲು ನೆಟ್‌ನಲ್ಲಿ ನೋಡಿಕೊಂಡು ಆಮೇಲೆ ಸೌಜನ್ಯಕ್ಕೆ ಅವರನ್ನು ಕೇಳುತ್ತಿದ್ದರು. ಅವರಿಗೆ ಅದು ತಿಳಿಯುತ್ತಿತ್ತು. ಹಟಕ್ಕೆ ಬಿದ್ದವರಂತೆ ಗಣೇಶನ ಹಬ್ಬಕ್ಕೆ ಪುಣೆಗೆ ಎರಡು ಟಿಕೆಟ್ ತೆಗೆಸಿದರು. ಅದೇ ವಾರ ಕಮಿಟಿಯವರು ಬಂದರು. ನಾನು ಕಾಫಿಪುಡಿ ಸಾಲ ಕೇಳಲು ಹೋಗಿ ಅಲ್ಲೇ ನಿಂತಿದ್ದೆ. ಸಾರ್ ಎಂದಿನಂತೆ ಬಾಯಿ ತೆರೆದರು, "ಆ ಟೈಮಿಗೆ ನಾವು..."

"ನಾನು ಇರ್ತೀನಿ" ಎಂದರು ಅಕ್ಕ. "ನೀವು ಹೋಗಿಬರ್ರಿ."

"ಟಿಕೆಟ್ ಆಗಿದೆಯಲ್ಲೇ."

"ಒಂದು ಕ್ಯಾನ್ಸಲ್ ಮಾಡಿಸ್ರಿ."

ಮನೆಯಲ್ಲಿ ಇಂಥ ಮಾತು ಸಾರ್ ಕೇಳಿದ್ದು ಅದೇ ಮೊದಲಿರಬೇಕು. ಕಮಿಟಿಯವರು ಗೋಡೆ ನೋಡಿದರು. ನಾನು ಕಾಫಿಪುಡಿ ಮರೆತು ಮನೆಗೆ ಬಂದೆ. ಆಮೇಲಿನ ದಿನಗಳಲ್ಲಿ ಆ ಮನೆಯಿಂದ ಜಗಳದ ಸದ್ದೇನೂ ಬರಲಿಲ್ಲ, ಹಾಡು ಮಾತ್ರ ಇನ್ನೂ ಜೋರಾಗಿ ಬರುತ್ತಿತ್ತು. ಹಬ್ಬದ ದಿನ ಬೆಳಗ್ಗೆ ಸಾರ್ ಬ್ಯಾಗು ಹಾಕಿಕೊಂಡು ಆಟೋ ಹತ್ತಿದ್ದನ್ನು ರಸ್ತೆಯೆಲ್ಲ ನೋಡಿತು. ಅಕ್ಕ ಗೇಟಿನ ತನಕ ಬಂದು ಬುತ್ತಿ ಕೊಟ್ಟರು. ಆಟೋ ತಿರುವಿನಲ್ಲಿ ಮರೆಯಾದ ಮೇಲೂ ನಿಂತೇ ಇದ್ದರು. ನನಗೆ ಸಂಕಟವಾಯಿತು. ಮೈಕ್ ಸಿಕ್ಕಿತು, ಕೇಳಬೇಕಾದವರು ಹೊರಟುಹೋದರು ಎಂದುಕೊಂಡೆ.

ಸಂಜೆ ಶಾಮಿಯಾನದ ಮುಂದೆ ಜನ ಸೇರಿತು. ಅಕ್ಕ ಇಳಕಲ್ ಸೀರೆ ಉಟ್ಟು ಬಂದಿದ್ದರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮೊದಲ ಸಾಲು ಸ್ವಲ್ಪ ತಡವರಿಸಿತು. ಎರಡನೆಯ ಸಾಲಿಗೆ ದನಿ ನೆಲೆ ಕಂಡುಕೊಂಡಿತು, ಗಲಾಟೆ ಮಾಡುತ್ತಿದ್ದವರು ಸುಮ್ಮನಾದರು. ನಾನು ಹಿಂದೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಿದ್ದೆ. ಪಕ್ಕದಲ್ಲಿ ಯಾರೋ ಹೆಗಲಿನ ಬ್ಯಾಗಿನಿಂದ ನನ್ನನ್ನು ತಿವಿದರು. ತಿರುಗಿ ನೋಡಿದರೆ ಸಾರ್.

"ಅಯ್ಯೋ! ಪುಣೆಗೆ ಹೋಗ್ಲಿಲ್ವಾ ಸಾರ್?"

"ಷ್! ಮೆಲ್ಲಗೆ. ಎರಡೂ ಟಿಕೆಟ್ ಕ್ಯಾನ್ಸಲ್ ಮಾಡಿಸಿಬಿಟ್ಟೆ. ಪಕ್ಕದ ವಿಜಯನಗರದಲ್ಲಿ ಲಾಡ್ಜ್ ಮಾಡಿದೀನಿ."

"ಇಲ್ಲೇ ಮನೆ ಇಟ್ಕೊಂಡು ಲಾಡ್ಜಾ?"

"ಮನೆಯಿಂದ ಬಂದ್ರೆ ಹಬ್ಬ ಕಾಣಿಸಲ್ಲ ಕಣಮ್ಮ. ಎದುರು ಮನೆಯೋರು, ಲೈಟ್ ಕಂಬ, ಡ್ರೈನೇಜು, ಇಷ್ಟೇ ಕಾಣ್ಸುತ್ತೆ. ಪರವೂರಿಂದ ಬಂದಂಗೆ ಬರ್ಬೇಕು."

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಜಗತ್ತಿನಲ್ಲಿ ಬಸವೇಶ್ವರನಗರಕ್ಕೆ ಪ್ರವಾಸ ಬಂದ ಏಕೈಕ ಮನುಷ್ಯ ಅಲ್ಲಿನ ನಿವಾಸಿಯೇ ಆಗಿದ್ದರು. ಆದರೆ ಅವರ ಮುಖ ನೋಡಿದ ಮೇಲೆ ಎರಡೂ ಮಾಡಲಿಲ್ಲ. ಅವರು ನನ್ನನ್ನು ಮರೆತು ವೇದಿಕೆಯನ್ನೇ ನೋಡುತ್ತಿದ್ದರು. ಮೊದಲ ಹಾಡು ಮುಗಿದು ಜನ ಚಪ್ಪಾಳೆ ತಟ್ಟಿದಾಗ ಅವರ ಕೈ ಏಳಲಿಲ್ಲ.

"ಮುಗೀತಾ?" ಎಂದು ಕೇಳಿದರು.

"ಇಲ್ಲ ಸಾರ್, ಇನ್ನೊಂದಿದೆ."

ಆಗ ಹೆಗಲಿನಿಂದ ಬ್ಯಾಗು ಇಳಿಸಿ ನೆಲಕ್ಕಿಟ್ಟರು. ಆ ಬ್ಯಾಗನ್ನು ಅವರು ರಸ್ತೆಯ ಮೇಲೆ ಇಟ್ಟದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಎರಡನೆಯ ಹಾಡಿನ ಉದ್ದಕ್ಕೂ ಅದನ್ನು ಯಾರೋ ಎಡವಿ ದಾಟುತ್ತಲೇ ಇದ್ದರು, ಅವರಿಗೆ ಅರಿವೇ ಇರಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಷ್ಟು ದಿನ ಅವರ ಮೇಲೆ ನಾನು ಇಟ್ಟುಕೊಂಡಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿದುಹೋಯಿತು.

ಅಕ್ಕ ವೇದಿಕೆ ಇಳಿದು ಜನರ ನಡುವೆ ದಾರಿ ಮಾಡಿಕೊಂಡು ನಮ್ಮ ಹತ್ತಿರ ಬಂದರು. ಮೇಲಿನಿಂದಲೇ ಕಂಡಿದ್ದರೋ ಏನೋ, ಆಶ್ಚರ್ಯವನ್ನು ತೋರಿಸಲಿಲ್ಲ.

"ಬುತ್ತಿ ಉಂಡ್ರೇನು?"

"ಉಂಡೆ" ಎಂದರು ಸಾರ್. ಹೊಗಳಬೇಕೆಂದು ಬಾಯಿ ತೆರೆದರು. ಹೊಗಳುವ ಅಭ್ಯಾಸ ಇರಲಿಲ್ಲ. ಕೆಮ್ಮಿದರು. ಗಂಟಲು ಸರಿಪಡಿಸಿಕೊಂಡು, ಹೋದ ಊರಿನಲ್ಲೆಲ್ಲ ಅಪರಿಚಿತರನ್ನು ಕೇಳುತ್ತಿದ್ದ ಅದೇ ವಿನಯದಿಂದ ಹೆಂಡತಿಯನ್ನು ಕೇಳಿದರು:

"ನಾಳೆನೂ ಇರುತ್ತಾ?"

"ಐತಿ. ನಾಳೆನೂ ಎರಡು ಹಾಡು ಹೇಳು ಅಂದಾರ."

"ಎಷ್ಟು ಗಂಟೆಗೆ ಶುರು? ಮುಂದಿನ ಸಾಲಲ್ಲಿ ಜಾಗ ಸಿಗಬಹುದಾ?"

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿ, ನಗು ತಡೆದುಕೊಂಡು ಹೇಳಿದರು. "ಲಗೂನ ಬಂದ್ರ ಸಿಗತತಿ."

ಮರುದಿನ ಕಮಿಟಿಯವರು ಕುರ್ಚಿ ಇಳಿಸಲು ಬಂದಾಗ ಶಾಮಿಯಾನದ ಕೆಳಗೆ ಆಗಲೇ ಒಬ್ಬರು ನಿಂತಿದ್ದರು. ಮೊದಲ ಕುರ್ಚಿಯನ್ನು ಅವರ ಕೈಗೇ ಕೊಟ್ಟರು.